ಆನೆಮರಿಯ ಕೊರಳಪಟ್ಟಿ

ಮನೆ ಮಾಲೀಕರಿಗೆ ಮೇಲಿನ ಮನೆಯ ದರ್ಜಿಯ ನಮಸ್ಕಾರ.

ಗೇಟು ಕೆಡವಿದ ನನ್ನ ನಾಯಿಯನ್ನು ತಿಂಗಳೊಳಗೆ ಬೇರೆಡೆಗೆ ಸಾಗಿಸಬೇಕೆಂದು ಹೇಳಿಕಳಿಸಿದ್ದೀರಿ. ಅದಕ್ಕೆ ಮುಂಚೆ, ಭಾನುವಾರ ಸಂಜೆ ಹಾಲು ತರುವಾಕೆ ಮೆಟ್ಟಿಲ ಮೇಲೆ ಕೂತು ನಮಗೆಲ್ಲ ಹೇಳಿದ್ದನ್ನು ಕೇಳಿ.

ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಕೆಳಗಿನ ಮನೆಯ ನಿಮ್ಮ ಅಕ್ಕ ಕೋಣೆ ಬಿಟ್ಟಿರಲಿಲ್ಲ. ಕೈ ಹಿಡಿದು ನಡೆಸಲು ಹೋದವರಿಗೆಲ್ಲ ಬೈಗುಳವೇ ಸಿಕ್ಕಿತ್ತು. ಈಗ ನಾನು ಅಂಗಡಿಗೆ ಹೋದ ಮೇಲೆ, ನಾನು ಆನೆಮರಿ ಎಂದು ಕರೆಯುವ ಆ ನಾಯಿಯ ಕೊರಳಪಟ್ಟಿ ಹಿಡಿದು ಅಂಗಳ ಸುತ್ತುತ್ತಾರಂತೆ. ಅವನ ಬೆನ್ನು ಅವರ ಸೊಂಟದೆತ್ತರ. ಅವರು ನಿಂತರೆ ಅವನೂ ನಿಲ್ಲುತ್ತಾನಂತೆ.

“ಹುಷಾರು ಅಕ್ಕಾ” ಎಂದಳಂತೆ ಹಾಲಿನಾಕೆ.

“ನಂಗೇನಾಗಿದೆ? ಇವನ ಯಜಮಾನ ಬೆಳಗಾದ್ರೆ ಅಂಗಳದಲ್ಲಿ ಕಟ್ಟಿ ಹೋಗ್ಬಿಡ್ತಾನೆ. ಇಷ್ಟು ದೊಡ್ಡ ಜೀವ ಅಡ್ಡಾಡೋದು ಬೇಡ್ವಾ? ಅದಕ್ಕೇ ಕರ್ಕೊಂಡು ಬಂದೆ” ಎಂದರಂತೆ ಅಕ್ಕನವರು.

ಆ ಮಾತು ನನಗೆ ಚೆನ್ನಾಗಿಯೇ ನಾಟಿತು. ಇನ್ನು ದಿನಾ ಬೆಳಿಗ್ಗೆ ಅವನನ್ನು ದಣಿಯುವಷ್ಟು ಓಡಿಸಿಯೇ ಅಂಗಡಿಗೆ ಹೋಗುತ್ತೇನೆ, ಅವನು ಅಕ್ಕನವರನ್ನು ಎಳೆದಾಡಬಾರದಲ್ಲ. ಗೇಟನ್ನೂ ನಾನೇ ಸರಿಮಾಡಿಸುತ್ತೇನೆ. ಅವನು ಇಲ್ಲೇ ಇರಲು ದಯವಿಟ್ಟು ಒಪ್ಪಿಕೊಳ್ಳಿ.

ಅಂದು ಮೆಟ್ಟಿಲ ಮೇಲೆ ಕೂತು ಕೇಳಿದವರು, ಮರುದಿನ ಬೆಳಿಗ್ಗೆ ಯಾರೂ ಹೇಳದೆಯೇ ತಂತಮ್ಮ ಸೈಕಲ್ಲು, ಹೂಕುಂಡಗಳನ್ನು ಅಂಗಳದಿಂದ ಎತ್ತಿಟ್ಟರು. ಈಗ ಇಬ್ಬರು ಪಕ್ಕಪಕ್ಕದಲ್ಲಿ ನಡೆಯುವಷ್ಟು ಜಾಗವಾಗಿದೆ.

ಇತಿ,
ನಿಮ್ಮ ಬಾಡಿಗೆದಾರ