ಎರಡು ಸುತ್ತಿನ ಬೀಗ

ಮಂಗಳವಾರ, ಮಧ್ಯಾಹ್ನ ಎರಡೂವರೆ
ಅಂಗಡಿಯಿಂದ

ಪ್ರೀತಿಯ ಮೆಣಸಿನಕಾಯಿಗೆ ಅಣ್ಣನ ಆಶೀರ್ವಾದಗಳು.

ನಾಳೆ ನಿನ್ನ ಹುಟ್ಟುಹಬ್ಬ. ಮೂರು ತಿಂಗಳಿಂದ ಒಂದು ಸಾಲೂ ಬರೆಯದವನಿಗೆ ಈಗ ನೆನಪಾಯಿತೇ ಎಂದು ಮೂಗು ಮುರಿಯಬೇಡ. ನನ್ನ ಪತ್ರಕ್ಕೆ ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿದ್ದೆ. ಫೋನ್ ಮಾಡಿದಾಗಲೆಲ್ಲ ನಿನ್ನ ಯಜಮಾನರೇ ಎತ್ತಿ, "ಸ್ನಾನಕ್ಕೆ ಹೋಗಿದ್ದಾಳೆ ಭಾವ" ಎನ್ನುತ್ತಿದ್ದರು. ಒಂದು ಸಲ ನಾನು, "ಅವಳೇನು ಮೀನಾ, ಯಾವಾಗ್ಲೂ ನೀರಲ್ಲೇ ಇರ್ತಾಳೆ?" ಎಂದು ತಮಾಷೆ ಮಾಡಿದೆ. ಇಬ್ಬರೂ ನಕ್ಕೆವು. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಇವತ್ತು ನಿಮ್ಮ ಮೇಲಿನ ಮಹಡಿಯ ಟೈಲರಮ್ಮ ನಮ್ಮ ಬೀಗದ ಅಂಗಡಿಗೆ ಬಂದರು. ಬಸ್ಸಿನಲ್ಲಿ ಮೂರು ಗಂಟೆ ನಿಂತೇ ಬಂದಿದ್ದರಂತೆ. ಕೊಟ್ಟ ನೀರನ್ನೂ ಮುಟ್ಟದೆ ಹೇಳಿದರು: "ನಿಮ್ಮ ತಂಗೀನ ಅವರು ಡ್ಯೂಟಿಗೆ ಹೋಗುವಾಗ ರೂಮಲ್ಲಿ ಹಾಕಿ ಬೀಗ ಜಡಿದು ಹೋಗ್ತಾರೆ. ಸಂಜೆವರೆಗೂ ಒಳಗೇ. ಕಿಟಕಿ ಸರಳು ಹಿಡ್ಕೊಂಡು ನನ್ಹತ್ರ ಮಾತಾಡ್ತಾಳೆ. ನಿಮ್ಮ ಅಂಗಡಿ ಗುರುತು ಹೇಳಿದ್ದೂ ಹಾಗೇ."

ನಾನು ಮೊದಲು ಕೇಳಿದ್ದು ಏನು ಗೊತ್ತೇ? "ಎಂಥಾ ಬೀಗ?" ಎಂದು. ಅವರು ನನ್ನನ್ನು ತಲೆಕೆಟ್ಟವನೆಂಬಂತೆ ನೋಡಿದರು. "ಹೊಸದು. ಎರಡು ಸುತ್ತು ತಿರುಗುತ್ತೆ. ಟಕ್ ಟಕ್ ಅಂತ ನಮ್ಮನೆಗೂ ಕೇಳಿಸುತ್ತೆ" ಎಂದರು.

ಈಗಲೇ ಹೊರಡುತ್ತೇನೆ ಎಂದು ಎದ್ದೆ. ಅವರು ಕೈ ಹಿಡಿದು ಕೂರಿಸಿದರು. "ನಾವು ಹೋಗಿ ಮುಟ್ಟೋ ಹೊತ್ತಿಗೆ ಅವರು ಮನೇಲಿರ್ತಾರೆ. ನೀವು ಬಾಗಿಲಲ್ಲಿ ಕೂಗಾಡಿ ವಾಪಸ್ ಬಂದುಬಿಡ್ತೀರಿ. ಒಳಗೆ ಉಳಿಯೋಳು ಅವಳು." ಹೆಂಗಸರಿಗೆ ಇರುವ ಬುದ್ಧಿ ನಮಗಿಲ್ಲ.

ಆದ್ದರಿಂದ ಸರಿಯಾಗಿ ಓದಿಕೋ. ನಾಳೆ ಅವನು ಹೋದ ಮೇಲೆ ಟೈಲರಮ್ಮ ಈ ಪತ್ರವನ್ನು ದಾರದಲ್ಲಿ ನಿನ್ನ ಕಿಟಕಿಗೆ ಇಳಿಬಿಡುತ್ತಾರೆ. ಓದಿ ಅದೇ ದಾರಕ್ಕೆ ಕಟ್ಟಿಬಿಡು, ಆ ಮನೆಯಲ್ಲಿ ಇದು ಉಳಿಯಬಾರದು. ಅಷ್ಟು ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಹನ್ನೊಂದಕ್ಕೆ ನಿನ್ನ ಬಾಗಿಲಲ್ಲಿ. ಬೀದಿ ಬಾಗಿಲಿನ ಬೀಗ ನನಗೆ ಎರಡು ನಿಮಿಷದ ಕೆಲಸ. ರೂಮಿನದು ಹಾಗಲ್ಲ, ಅದು ಕೀಲಿಗೆ ಮಾತ್ರ ಬಗ್ಗುತ್ತದೆ, ಅದೂ ಹೊರಗಿನಿಂದ. ಕೀಲಿ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಬೀಗವನ್ನೇ ನೋಡದೆ ಹೇಗೆ ಮಾಡಿದೆ ಎಂದು ಕೇಳಬೇಡ. ಪೊಲೀಸರ ಹತ್ತಿರವೂ ಹೋಗೋಣ, ನೀನು ಹೊರಗೆ ಬಂದು ನಿನ್ನ ಬಾಯಲ್ಲೇ ಹೇಳು.

ಚಪ್ಪಲಿ ಹಾಕಿಕೊಂಡು ಕೂತಿರು. ಬೀಗ ತೆಗೆಯುವ ಮೊದಲು ಮೂರು ಸಲ ತಟ್ಟುತ್ತೇನೆ. ಚಿಕ್ಕವಳಿದ್ದಾಗ ಮುನಿಸಿಕೊಂಡು ಬೀರುವಿನಲ್ಲಿ ಅಡಗಿ ಕೂರುತ್ತಿದ್ದೆಯಲ್ಲ, ಆಗ ತಟ್ಟುತ್ತಿದ್ದ ಹಾಗೆ. ನೀನು ಒಳಗಿನಿಂದ "ಯಾರೂ ಇಲ್ಲ" ಎನ್ನುತ್ತಿದ್ದೆ. ನಾಳೆಯೂ ಹಾಗೇ ಹೇಳು, ನನಗೆ ಧೈರ್ಯ ಬರುತ್ತದೆ.

ಹೋದ ವರ್ಷ ನೀನು ಒಂದು ಚೀಲ ಹಿಡಿದು ಅಂಗಡಿಗೆ ಬಂದಿದ್ದೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ಗಾದೆ ಹೇಳಿ ನಾನೇ ವಾಪಸ್ ಬಸ್ಸು ಹತ್ತಿಸಿದೆ. ಕಿಟಕಿ ಪಕ್ಕದ ಸೀಟನ್ನೂ ಹಿಡಿದುಕೊಟ್ಟೆ. ಆ ಗಾದೆ ಕಟ್ಟಿದವನಿಗೆ ತಂಗಿ ಇರಲಿಲ್ಲವೇನೋ. ನನಗಿದ್ದಳು.

ನೂರು ಕಾಲ ಬಾಳು. ನಿನಗೆ ಬೇಕೆಂದಾಗ ಬಾಗಿಲು ತೆಗೆದು, ಬೇಕೆಂದಾಗ ಮುಚ್ಚಿಕೊಂಡು ಬಾಳು.

ಇಂತಿ,
ನಿನ್ನ ಅಣ್ಣ

ತಾ.ಕ.: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ಹೇಳದೆ ನಾಳೆ ನಿನ್ನ ಮುಖ ನೋಡಲಾರೆ. ಆ ಬೀಗ ಮಾಡಿದ್ದು ನಾನು. ಮೂರು ತಿಂಗಳ ಹಿಂದೆ ಅವನೇ ಬಂದಿದ್ದ. "ಆಫೀಸಿನ ಸ್ಟೋರ್ ರೂಮಿಗೆ ಬೇಕು ಭಾವ. ಒಳಗಿಂದ ತೆಗೆಯೋಕೆ ಬರಬಾರದು" ಎಂದ. "ಸ್ಟೋರ್ ರೂಮಿನ ಒಳಗೆ ಯಾರಿರ್ತಾರೆ ತೆಗೆಯೋಕೆ?" ಎಂದು ನಾನು ನಕ್ಕೆ. ಮನೆಯ ಅಳಿಯ ಬಾಯಿಬಿಟ್ಟು ಕೇಳಿದನಲ್ಲ ಎಂದು ಎರಡು ದಿನ ಕೂತು, ಈ ಕೈಯಿಂದ ಆಗುವಷ್ಟು ಗಟ್ಟಿಯಾಗಿ ಮಾಡಿಕೊಟ್ಟೆ. ಗಿರಾಕಿಯ ಕೀಲಿಗೆ ಡೂಪ್ಲಿಕೇಟ್ ಇಟ್ಟುಕೊಳ್ಳಬಾರದೆಂದು ಅಪ್ಪನ ಕಟ್ಟಪ್ಪಣೆ, ಇಟ್ಟುಕೊಳ್ಳಲಿಲ್ಲ. ಆದರೆ ಆ ಕೀಲಿಯ ಹಲ್ಲುಗಳ ಅಳತೆ ನನಗೆ ಬಾಯಿಪಾಠ. ನಿನ್ನವರ ಕೈಗೆ ಹೋಗುವ ವಸ್ತು, ಒಳ್ಳೆಯದಾಗಲಿ ಎಂದು ನೀನು ಹುಟ್ಟಿದ ತಾರೀಖು, ತಿಂಗಳು, ಇಸವಿಯ ಅಂಕಿಗಳಿಗೆ ಸರಿಯಾಗಿ ಅವನ್ನು ಕೊರೆದಿದ್ದೆ.

ಬೈ, ಹೊಡೆ, ಜೀವಮಾನವಿಡೀ ಮಾತು ಬಿಡು. ಮೊದಲು ಹೊಸ್ತಿಲು ದಾಟು.