ಶಾಣ್ಯಾನ ನಾಲ್ಕನೇ ಕಾಲು

ಅಕ್ಟೋಬರ್ 13, 2024, ಭಾನುವಾರ. ಬೆಳಿಗ್ಗೆ 4.20

ಬಿಪಿ ಮಾತ್ರೆ ಆಯಿತು. ಚಹಾ ಆಯಿತು. ಹೆಂಡತಿ ವಿಶಾಲ ಡಬ್ಬಿಗೆ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿದ್ದಾಳೆ. ಐದೂವರೆಗೆ ರಾಸ್ ಲಫಾನ್ ಗ್ಯಾಸ್ ಸ್ಥಾವರದ ಗೇಟು ದಾಟಬೇಕು, ಇಲ್ಲವೆಂದರೆ ಕ್ಯೂ. ಇವತ್ತು ಸೈಟಿನ ಹುಡುಗರಿಗೆ ಸೇಫ್ಟಿ ಭಾಷಣ ನನ್ನದು. ವಿಷಯ: ಗಾಡಿ ರಿವರ್ಸ್ ಹಾಕುವ ಮುನ್ನ ಇಳಿದು ಸುತ್ತ ಒಂದು ಸುತ್ತು ಬರುವುದು. ಹೋದ ತಿಂಗಳು ಇದಕ್ಕೇ ಪ್ರಶಸ್ತಿ ಕೊಟ್ಟರು — ಒಂದು ಫಲಕ, ಒಂದು ಟಾರ್ಚು. ಫಲಕ ಶೋಕೇಸಿನಲ್ಲಿದೆ.

ವಿಶಾಲ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲ್. ಮೊದಲು ಸುತ್ತು, ಆಮೇಲೆ ಸ್ಟೀರಿಂಗು — ದಿನಾ ಹೇಳುತ್ತೇನೆ. ಕೇಳಬೇಕಲ್ಲ!

ಅದೇ ದಿನ, ಸಂಜೆ 6.30

ಇಲ್ಲಿ ಬಿಟ್ಟರೆ ಬೇರೆಲ್ಲೂ ಹೇಳುವ ಹಾಗಿಲ್ಲ.

ಕಟ್ಟಡದ ಪಾರ್ಕಿಂಗಿನಲ್ಲಿ ಕಂಪನಿ ಪಿಕಪ್ ರಿವರ್ಸ್ ಹಾಕುತ್ತಿದ್ದೆ. ಹಿಂದಿನ ಅಲಾರಂ ಕೀಂ ಕೀಂ ಅನ್ನುತ್ತಲೇ ಇತ್ತು. ಇಳಿದು ಸುತ್ತು ಹಾಕಲಿಲ್ಲ. ಸುಸ್ತಾಗಿತ್ತು, ಹಸಿವಾಗಿತ್ತು... ಇವೆಲ್ಲ ನೆಪ. ಹಾಕಲಿಲ್ಲ, ಅಷ್ಟೇ. ನನ್ನ ಜಾಗದ ನೆರಳಿನಲ್ಲಿ ಬೀದಿಬೆಕ್ಕು ಮಲಗಿತ್ತು. ಎಡಗಡೆಯ ಹಿಂಗಾಲು ಗಾಲಿಗೆ ಸಿಕ್ಕಿತು. ಆ ಕೂಗು ಇನ್ನೂ ಕಿವಿಯಲ್ಲಿದೆ.

ಸೇಫ್ಟಿ ಜಾಕೆಟ್ಟಿನಲ್ಲಿ ಸುತ್ತಿ ಎತ್ತಿಕೊಂಡೆ. ಅಷ್ಟರಲ್ಲಿ ಕೊತ್ತಂಬರಿ ತರಲು ಹೊರಟ ವಿಶಾಲ ಕೆಳಗೆ ಬಂದಳು.

"ಅಯ್ಯ ಶಿವನ! ಯಾವ ಮುಖಗೇಡಿ ಹಾಯಿಸಿಕೊಂಡು ಹೋದನ್ರೀ?"

"ಬಿಳಿ ಗಾಡಿ," ಅಂದೆ. ಸುಳ್ಳಲ್ಲ. ನಮ್ಮದೂ ಬಿಳಿಯೇ. ದೋಹಾದಲ್ಲಿ ಯಾರದು ಬಿಳಿಯಲ್ಲ?

ಬಿನ್ ಒಮ್ರಾನ್ ಕಡೆಯ ಪ್ರಾಣಿ ಕ್ಲಿನಿಕ್ಕಿಗೆ ಒಯ್ದೆವು. ದಾರಿಯುದ್ದಕ್ಕೂ ಆ ಬಿಳಿ ಗಾಡಿಯವನ ವಂಶಕ್ಕೆಲ್ಲ ಶಾಪ ಹಾಕಿದಳು. ಪಕ್ಕದಲ್ಲಿ ಪಿಕಪ್ ಓಡಿಸುತ್ತ ಹೂಂ ಹೂಂ ಅಂದೆ.

ಅಕ್ಟೋಬರ್ 18, ಶುಕ್ರವಾರ

ಕಾಲು ಹೋಯಿತು. ಮಂಡಿಯ ಕೆಳಗೆ ಕತ್ತರಿಸಿದರು. ಜೀವ ಉಳಿಯಿತು. ಮನೆಗೆ ತಂದಿದ್ದೇವೆ. ವಿಶಾಲ ಹೆಸರಿಟ್ಟಳು — ಶಾಣ್ಯಾ, ನಮ್ಮ ಕಡೆ ಜಾಣ ಅಂತ. ಅರಿವಳಿಕೆ ಇಳಿಯುತ್ತಿದ್ದ ಹಾಗೆ ಮೀನಿನ ತಟ್ಟೆ ಗುರುತು ಹಿಡಿದಿತ್ತಂತೆ, ಅದಕ್ಕೆ.

ಹುಬ್ಬಳ್ಳಿಯ ಅಕ್ಕನಿಗೆ ಫೋನು: "ನಮ್ಮ ಮನಿಯವರಿಗೆ ಇಷ್ಟ್ ಅಂತಃಕರಣ ಐತಿ ಅಂತ ಇಪ್ಪತ್ತೆರಡು ವರ್ಷ ನನಗ ಗೊತ್ತಾ ಇರಲಿಲ್ಲ ಅಕ್ಕಾ!" ನಂತರ ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಬಿತ್ತು. ಇಷ್ಟು ವರ್ಷಕ್ಕೆ ಹೀಗೆ ಹೊಗಳಿಸಿಕೊಂಡಿದ್ದೇನೆ, ಕಳೆದುಕೊಳ್ಳಲು ಮನಸ್ಸಿಲ್ಲ. ನಾಚಿಕೆಯೂ ಆಗುತ್ತದೆ. ತುಪ್ಪ ಮಾತ್ರ ಉಂಡೆ.

ಕೆಳಗೆ ವಾಚ್‌ಮನ್ ಮೊಯ್ದಿನ್ ಕುಂಞಿ, ನಾನು ಬಾಯಿ ತೆರೆಯುವ ಮೊದಲೇ, "ನಾನು ಎಂತದೂ ಕಂಡಿಲ್ಲ ಸಾರ್," ಅಂದ. ನಾನು ಏನೂ ಕೇಳಿರಲಿಲ್ಲ! ಮೇಲೆ ಹೋಗಿ ನಾಲ್ಕು ಶೇಂಗಾ ಹೋಳಿಗೆ ತಂದುಕೊಟ್ಟೆ. ಇನ್ನು ವಾರವಾರವೂ ಕೊಡಬೇಕಾದೀತು.

ಪಿಕಪ್ ಈಗ ಹೊರಗೆ, ರಸ್ತೆಬದಿಯಲ್ಲಿ. ರಿವರ್ಸ್ ಹಾಕುವ ಗೋಜೇ ಇಲ್ಲ.

ನವೆಂಬರ್ 9, ಶನಿವಾರ

ಡಾಕ್ಟರ್ ಜುವೈರಿಯಾ ಪುತ್ತೂರಿನವರು. ಎಕ್ಸ್‌ರೇ ತೋರಿಸಿ ಹೇಳಿದರು: "ಮೂರು ಕಾಲಲ್ಲೂ ಬೆಕ್ಕು ಬದುಕ್ತದೆ ಶೇಖಪ್ಪ ಸರ್. ಆದ್ರೆ ಇದರ ಇನ್ನೊಂದು ಹಿಂಗಾಲಿಗೂ ಹಳೇ ಪೆಟ್ಟುಂಟು. ಒಂದರಲ್ಲೇ ಭಾರ ಹೊರ್ಲಿಕ್ಕೆ ಆಗುದಿಲ್ಲ. ಎಲುಬಿನೊಳಗೆ ಟೈಟಾನಿಯಂ ಕಡ್ಡಿ ಕೂರಿಸುವ. ಎಲುಬು ಅದನ್ನು ಹಿಡ್ಕೊಂಡ ಮೇಲೆ ಹೊರಗಿಂದ ಪಾದ ಸಿಕ್ಕಿಸುವ. ನಾನು ಕಲಿತದ್ದುಂಟು, ಮಾಡಿದ್ದು ಇಲ್ಲ. ಇದೇ ಮೊದಲು."

ಟೈಟಾನಿಯಂಗೆ ಟೆಸ್ಟ್ ಸರ್ಟಿಫಿಕೇಟ್ ಇದೆಯಾ ಅಂದೆ. ನಕ್ಕರು. ನಾನು ನಗಲಿಲ್ಲ. ಇಪ್ಪತ್ತು ವರ್ಷ ಪೈಪಿಂಗ್ ಇನ್‌ಸ್ಪೆಕ್ಟರ್; ಸರ್ಟಿಫಿಕೇಟ್ ಇಲ್ಲದ ಬೋಲ್ಟನ್ನೂ ಒಳಗೆ ಬಿಟ್ಟವನಲ್ಲ. ತರಿಸಿಕೊಟ್ಟರು. ಓದಿ, ಸಹಿ ಹಾಕಿ, ದಿನಾಂಕ ಬರೆದೆ. ಪಾದದ ಡ್ರಾಯಿಂಗ್ ನಾನೇ ಮಾಡುತ್ತೇನೆ ಅಂದೆ.

"ಎಷ್ಟ ಹಚ್ಚಿಕೊಂಡೀರಿ ಅದನ್ನ!" — ವಿಶಾಲ. ಕಣ್ಣಲ್ಲಿ ನೀರು.

ನವೆಂಬರ್ 23, ಶನಿವಾರ

ಕಡ್ಡಿ ಕೂತಿತು. ಮೂರು ತಾಸು. ಕ್ಲಿನಿಕ್ಕಿನ ಹೊರಗೆ ಎಷ್ಟು ಸುತ್ತು ಹಾಕಿದೆನೋ ಲೆಕ್ಕವಿಲ್ಲ. ಹಾಕಬೇಕಾದ ದಿನ ಒಂದನ್ನೂ ಹಾಕಲಿಲ್ಲ.

ಡಿಸೆಂಬರ್ 12

ವಿಶಾಲ ಪಾಸ್! ಗಾಡಿ ಹತ್ತುವ ಮುಂಚೆ ಸುತ್ತು ಹಾಕಿದ್ದಕ್ಕೆ ಎಕ್ಸಾಮಿನರ್ ಶಹಬ್ಬಾಸ್ ಅಂದನಂತೆ.

"ಎಲ್ಲಾ ನಿಮ್ಮಿಂದ ಕಲ್ತದ್ದು," ಅಂದಳು.

ತಲೆ ಎತ್ತಲಾಗಲಿಲ್ಲ. ಬೇಗ ಮಲಗಿದೆ.

ಜನವರಿ 17, 2025, ಶುಕ್ರವಾರ

ಮಾನ ಹೋಯಿತು. ಪಾದ 3ಡಿ ಪ್ರಿಂಟಾಗಿ ಬಂತು. ಅಚ್ಚುಕಟ್ಟು, ಅಳತೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆದರೆ ಬಲಗಾಲಿನದು!

ತಪ್ಪು ನನ್ನದೇ. ಗದಗಿನ ಡಿಪ್ಲೊಮಾದಲ್ಲಿ ಕಲಿಸಿದ ಪದ್ಧತಿಯಲ್ಲಿ ಎಡದಿಂದ ಕಂಡದ್ದನ್ನು ಹಾಳೆಯ ಬಲಕ್ಕೆ ಬರೆಯಬೇಕು. ಇಲ್ಲಿನ ಪದ್ಧತಿಯಲ್ಲಿ ಎಡದ್ದು ಎಡಕ್ಕೇ. ಸೈಟಿನಲ್ಲಿ ಒಂದು ದಿನವೂ ಮರೆತಿಲ್ಲ. ಮನೆಯಲ್ಲಿ, ಡೈನಿಂಗ್ ಟೇಬಲ್ ಮೇಲೆ, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುವಾಗ ಕೈ ಗದಗಿಗೆ ಹೋಗಿಬಿಟ್ಟಿದೆ. ಪ್ರಿಂಟಿನವರು ಇಲ್ಲಿನ ಪದ್ಧತಿಯಲ್ಲಿ ಓದಿಕೊಂಡರು.

"ಪರವಾಗಿಲ್ಲ ಸರ್, ಬಲಗಾಲು ಹೋದ ಬೆಕ್ಕು ಬಂದ್ರೆ ಸ್ಟಾಕ್ ಇರ್ತದೆ," ಅಂದರು ಡಾಕ್ಟರು. ಬೇರೆಯವರ ಮೇಲೆ ಇಂಥ ತಪ್ಪಿಗೆ ಎಷ್ಟು ರಿಪೋರ್ಟ್ ಬರೆದಿದ್ದೇನೆ...

ಜನವರಿ 31, ಶುಕ್ರವಾರ

ಸರಿಯಾದ ಪಾದ ಬಂತು. ಕಪ್ಪು ರಬ್ಬರಿನ ಅಡಿ. ಸಿಕ್ಕಿಸಿದರು. ಶಾಣ್ಯಾ ಅದನ್ನು ಮೂಸಿತು, ನೆಕ್ಕಿತು, ಮೇಲೆತ್ತಿ ಹಿಡಿದು ಮೂರು ಕಾಲಲ್ಲಿ ಕುಂಟುತ್ತ ಸೋಫಾ ಕೆಳಗೆ ಹೋಯಿತು.

ಫೆಬ್ರವರಿ 8, ಶನಿವಾರ

ಎಂಟು ದಿನವಾಯಿತು. ಒಂದು ಹೆಜ್ಜೆ ಇಲ್ಲ. ಮೀನು ತೋರಿಸಿದೆವು, ದಾರ ಎಳೆದೆವು. ನಾನು ನಾಲ್ಕು ಕಾಲಲ್ಲಿ ಹಾಲ್ ತುಂಬ ನಡೆದು ತೋರಿಸಿದೆ. ಕೂತು ನೋಡಿತು.

ಡಾಕ್ಟರು ನಗಲಿಲ್ಲ ಇವತ್ತು. "ಭಾರ ಹಾಕದಿದ್ರೆ ಕಡ್ಡಿ ಇಟ್ಟು ಪ್ರಯೋಜನ ಇಲ್ಲ ಸರ್, ಸೋಂಕಾಗ್ತದೆ. ಶುಕ್ರವಾರ ನಾನೇ ನಿಮ್ಮಲ್ಲಿಗೆ ಬರ್ತೇನೆ. ಆಗ್ಲೂ ನಡೀದಿದ್ರೆ ತೆಗೀಲೇಬೇಕು."

ಸಂಜೆ ನನ್ನ ತೊಡೆಯ ಮೇಲೆಯೇ ಬಂದು ಮಲಗಿತು. ಗುರ್ ಗುರ್. ಕ್ಷಮಿಸಿದೆಯೋ, ಯಾರೆಂದೇ ಗೊತ್ತಿಲ್ಲವೋ. ನಡೆಯಪ್ಪಾ, ನಡೆ. ನಿನ್ನ ಕಾಲಿಗೆ ಬೀಳುತ್ತೇನೆ, ಯಾವ ಕಾಲಾದರೂ ಸರಿ.

ಫೆಬ್ರವರಿ 14, ಶುಕ್ರವಾರ. ಸಂಜೆ 5

ನಡೆಯಿತು. ಅಲ್ಲ, ಓಡಿತು. ಕ್ರಮವಾಗಿ ಬರೆಯುತ್ತೇನೆ.

ರಸ್ತೆ ಅಗೆಯುತ್ತಿದ್ದಾರೆ, ಹಾಗಾಗಿ ಪಿಕಪ್ ಪಾರ್ಕಿಂಗಿನ ಒಳಗಿತ್ತು. ಡಾಕ್ಟರು ಬಂದರು. ಶಾಣ್ಯಾನನ್ನು ಕೆಳಗೆ ತಂದು ಪಾರ್ಕಿಂಗಿನ ನೆಲಕ್ಕೆ ಬಿಟ್ಟೆವು. ಕಾಲೆತ್ತಿ ಕೂತಿತು. ಡಾಕ್ಟರು ಮೊಬೈಲ್ ಹಿಡಿದು, "ಸರ್, ನಿಮ್ಮ ಗಾಡಿ ಸ್ವಲ್ಪ ಹಿಂದೆ ತೆಗೀತೀರಾ? ವೀಡಿಯೋಗೆ ಬೆಳಕು ಸಾಲುದಿಲ್ಲ," ಅಂದರು.

ಮೊದಲು ಸುತ್ತು ಹಾಕಿದೆ. ಎರಡು ಸುತ್ತು. ಹತ್ತಿ ರಿವರ್ಸ್ ಹಾಕಿದೆ.

ಕೀಂ — ಅಂದಿತಷ್ಟೇ.

ಶಾಣ್ಯಾ ಬಾಲ ಉಬ್ಬಿಸಿ ಚಿಮ್ಮಿತು. ನಾಲ್ಕೂ ಕಾಲು ನೆಲಕ್ಕೆ! ಟಕ್ ಟಕ್ ಟಕ್ ಅಂತ ಪಾರ್ಕಿಂಗ್ ಉದ್ದಕ್ಕೂ ಓಡಿ ಮೊಯ್ದಿನ್ ಕುಂಞಿಯ ಕೋಣೆಯೊಳಗೆ. ಡಾಕ್ಟರು ಕುಣಿದೇಬಿಟ್ಟರು. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ನಾಲ್ಕು ತಿಂಗಳ ಭಾರ ಒಂದೇ ಸಲ ಇಳಿಯಿತು.

ತಲೆಯೆತ್ತಿದರೆ, ವಿಶಾಲ ಚಪ್ಪಾಳೆ ತಟ್ಟುತ್ತಿರಲಿಲ್ಲ. ಪಿಕಪ್ಪಿನ ಹಿಂಭಾಗ ನೋಡುತ್ತಿದ್ದಳು.

"ಡಾಕ್ಟರ್, ನಿಮ್ಮ ಕಾರ್ ಒಮ್ಮೆ ಹಿಂದ ತಗೋರಿ."

ಬೆಕ್ಕನ್ನು ಹಿಡಿದು ತಂದು ಕೂರಿಸಿದರು. ಡಾಕ್ಟರ ಕಾರು ಹಿಂದೆ ಬಂತು. ಬೆಕ್ಕು ಮೈ ನೆಕ್ಕಿಕೊಳ್ಳುತ್ತ ಕೂತಿತ್ತು.

"ಈಗ ನೀವು ತಗೋರಿ."

"ಸಾಕು ಬಿಡು, ಅದಕ್ಕ ಸುಸ್ತಾಗೈತಿ—"

"ಒಂದ ಸಲ ಆದ್ರ ಅದು ಟೆಸ್ಟ್ ಅಲ್ಲ ಅಂತ ನೀವ ಹೇಳ್ತೀರಲ್ಲ. ತಗೋರಿ."

ತೆಗೆದೆ. ಕೀಂ. ಬೆಕ್ಕು ಮತ್ತೆ ಮೊಯ್ದಿನ್ ಕುಂಞಿಯ ಕೋಣೆಗೆ.

ವಿಶಾಲ ಅವನತ್ತ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ, "ನಾನು ಎಂತದೂ ಕಂಡಿಲ್ಲ ಅಮ್ಮಾ," ಅಂದ. ನಾಲ್ಕು ತಿಂಗಳ ಹೋಳಿಗೆ ನೀರಿನಲ್ಲಿ ಹೋಮ.

ಸಂಜೆ 7.15

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಇವತ್ತು ಜೋರಾಗಿಯೇ ಇದೆ. ಮೇಲೆ ಬಂದವಳೇ ಶೋಕೇಸಿನ ಫಲಕವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ನನ್ನ ಆಫೀಸ್ ಬ್ಯಾಗಿನಿಂದ ಅಪಘಾತದ ರಿಪೋರ್ಟ್ ಫಾರಂ ಒಂದನ್ನು ತೆಗೆದು ಮುಂದಿಟ್ಟಳು.

"ಎಲ್ಲಾ ತುಂಬಿ ಸಹಿ ಹಾಕಿ ತರ್ರಿ. ಆಮ್ಯಾಲೆ ಊಟ."

ಹೆದರಿಕೆ ಇದೆ. ಆದರೂ ಹೇಳಿಬಿಡುವುದೇ ವಾಸಿ. ಶಾಣ್ಯಾ ಟಕ್ ಟಕ್ ಅಂತ ಬಂದು ಫಾರಂ ಮೇಲೆಯೇ ಕೂತಿದೆ, ಏಳುತ್ತಿಲ್ಲ. ಮೊದಲು ಇಲ್ಲೇ ಬರೆದುಕೊಳ್ಳುತ್ತೇನೆ.

ಗಾಯಗೊಂಡವರು: ಶಾಣ್ಯಾ.

ಸಾಕ್ಷಿ: ಶಾಣ್ಯಾ.

ಗಾಡಿಯ ಬಣ್ಣ: ಬಿಳಿ.

ಮೂಲ ಕಾರಣ: ಇಳಿದು ಸುತ್ತು ಹಾಕಲಿಲ್ಲ.

ಚಾಲಕನ ಹೆಸರು: ಶೇಖಪ್ಪ.