ಗುಳಿಗೆಯ ರಜೆ

ಬುಧವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಮಗಳಿಗೆ,

ನೀನು ಸಂಜೆ ಬಸ್ಸಿಳಿದು ಬರುವಾಗ ನಮ್ಮ ಬಟ್ಟೆ ಅಂಗಡಿಗೆ ಬೀಗ ಬಿದ್ದಿರುತ್ತದೆ. ಗಾಬರಿಯಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಅರ್ಧಕ್ಕೇ ಬಾಯಿ ಹಾಕುತ್ತೀಯ; ಕಾಗದಕ್ಕೆ ಹಾಗೆ ಬಾಯಿ ಹಾಕಲಾಗದು.

ಕರುಳಿನ ಗೆಡ್ಡೆ ತೆಗೆದ ಮೇಲೆ ಕೊಟ್ಟರಲ್ಲ, ಆ ಗುಳಿಗೆಯ ವಿಚಾರ. ಸೂಜಿಯಿಲ್ಲ, ಮಂಚವಿಲ್ಲ, ಊಟವಾದ ಮೇಲೆ ನೀರಿನ ಜೊತೆ ನುಂಗುವುದು. ಇದೆಂಥ ಕೀಮೋ ಎಂದು ನಕ್ಕಿದ್ದೆ. ನರ್ಸಮ್ಮ ನನ್ನ ಭಾಷೆಯಲ್ಲೇ ಬಿಡಿಸಿ ಹೇಳಿದಳು. ಹೊಟ್ಟೆಗೆ ಹೋಗುವಾಗ ಅದು ಕಚ್ಚಾ ಮಾಲು. ಯಕೃತ್ತಿನಲ್ಲಿ ಅರ್ಧ ಹದವಾಗಿ, ಕ್ಯಾನ್ಸರ್ ಕಣದೊಳಗೆ ಹೊಕ್ಕ ಮೇಲೆ ಅಸಲಿ ವಿಷವಾಗುತ್ತದೆ. ಕಣ ಒಂದು ಎರಡಾಗಲು ನೂಲು ಬೇಕಲ್ಲ, ಇದು ಹಾಗೇ ಕಾಣುವ ಖೋಟಾ ನೂಲು. ನೇಯಲು ಕೂತರೆ ಮಗ್ಗ ಅಲ್ಲೇ ನಿಲ್ಲುತ್ತದೆ. ಕರುಳು, ಹೊಟ್ಟೆ, ಸ್ತನದ ಕ್ಯಾನ್ಸರಿಗೂ ಇದೇ ಉಪಾಯವಂತೆ. ವ್ಯಾಪಾರದಲ್ಲಿ ಇಂಥ ಮೋಸ ಬೇಕಾದಷ್ಟು ಕಂಡಿದ್ದೇನೆ. ಮೆಚ್ಚಿದ್ದು ಇದೇ ಮೊದಲು.

ಆದರೆ ಅದಕ್ಕೆ ಗಿರಾಕಿಯ ಗುರುತು ಸಾಲದು. ಬೇಗ ಬೆಳೆಯುವ ಒಳ್ಳೆಯ ಕಣಗಳಿಗೂ ಅದೇ ನೂಲು ಮಾರುತ್ತದೆ. ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುತ್ತಿದೆ. ಹೋದ ವಾರ ನಿನಗೆ ಚೆನ್ನಾಗಿದ್ದೇನೆ ಎಂದೆನಲ್ಲ, ಆಗಲೇ ಚಪ್ಪಲಿ ಮೆಟ್ಟಲಾಗುತ್ತಿರಲಿಲ್ಲ. ಬೆಳಿಗ್ಗೆ ಸಗಟು ವ್ಯಾಪಾರಿ ರೇಷ್ಮೆ ತಂದ. ಹೆಬ್ಬೆರಳಲ್ಲಿ ಹೊಸಕಿ ನೋಡಿದೆ, ರೇಷ್ಮೆಯೋ ಗೋಣಿಯೋ ತಿಳಿಯಲಿಲ್ಲ. "ಏನಕ್ಕಾ, ಇವತ್ತು ಚೌಕಾಸಿನೇ ಇಲ್ಲ?" ಅಂದ. ಅವನಿಗೆ ಅನುಮಾನ, ನನಗೆ ಭಯ. ಭೇದಿಯಂತೂ ನಿಂತೇ ಇಲ್ಲ. ಈಗ ಗೋಡೆ ಹಿಡಿಯದೆ ಏಳಲಾಗುತ್ತಿಲ್ಲ.

ಹೇಳಿದರೆ ಡೋಸ್ ಇಳಿಸುತ್ತಾರೆಂದು ಬಾಯಿ ಹೊಲಿದುಕೊಂಡಿದ್ದೆ. ಅಳತೆಯಲ್ಲಿ ಕಡಿಮೆ ಕೊಡುವವರನ್ನು ಜೀವಮಾನವಿಡೀ ಬೈದವಳಲ್ಲವೇ ನಾನು. ಕೊನೆಗೆ ಆಸ್ಪತ್ರೆಗೆ ಫೋನು ಮಾಡಿದೆ. ಗುಳಿಗೆ ನಿಲ್ಲಿಸಿ ಈಗಲೇ ಹೊರಟು ಬನ್ನಿ ಎಂದರು. ಗಾಡಿ ಬರುತ್ತಿದೆ. ಈ ಪತ್ರ, ಬೀಗದ ಕೈ ಎರಡೂ ಪಕ್ಕದ ಚಪ್ಪಲಿ ಅಂಗಡಿಯವನ ಹತ್ತಿರ ಇರುತ್ತವೆ.

ಇಂತಿ ನಿನ್ನ
ಅಮ್ಮ

ತಾ.ಕ.: ಒಂದು ಮಾತು ಈಗ ಫೋನಿನಲ್ಲಿ ನರ್ಸಮ್ಮನಿಗೆ ಮಾತ್ರ ಹೇಳಿದೆ. ಎರಡು ವಾರ ನುಂಗಿ ಒಂದು ವಾರ ಬಿಡಬೇಕಿತ್ತು. ನಾನು ಬಿಡಲಿಲ್ಲ. ಮುಂದಿನ ಸುತ್ತಿನ ಗುಳಿಗೆ ಮೊದಲೇ ತಂದಿಟ್ಟಿದ್ದೆ, ಅದನ್ನೇ ಶುರುಮಾಡಿದೆ. ಎದುರಿನವನು ಅಂಗಡಿ ತೆರೆದು ಕೂತಿರುವಾಗ ನಾವು ಬಾಗಿಲು ಹಾಕುತ್ತೇವೆಯೇ? ಅದಕ್ಕವಳು, "ಆ ವಾರ ರಜೆ ಅಲ್ಲಮ್ಮಾ, ಅದೂ ಔಷಧಿನೇ" ಅಂದಳು. ಬೀಗದ ಕೈ ಚಪ್ಪಲಿ ಅಂಗಡಿಯವನ ಹತ್ತಿರವೇ ಇರಲಿ. ನೀನು ನೇರ ಆಸ್ಪತ್ರೆಗೆ, ನನ್ನ ಹತ್ತಿರ ಬಾ.